ಓದಿದ್ದು ಕೈಗೆ ಇಳಿಯಬೇಕಾದರೆ

ಹತ್ತಿಮತ್ತೂರಿನವನು ಎಂದರೆ ಸಾಹಿತ್ಯದ ಮಂದಿ ಮೊದಲು ಕೇಳುವುದು, "ಚಂಪಾ ಊರಿನವರೇನ್ರಿ?" ಎಂದು. ಹೌದು, ಅದೇ ಊರು, ಸವಣೂರು ತಾಲ್ಲೂಕು. 1939ರಲ್ಲಿ ಚಂದ್ರಶೇಖರ ಪಾಟೀಲರು ಹುಟ್ಟಿದ ಊರಲ್ಲಿ ಬರೆಯುವ ಹುಚ್ಚು ಹತ್ತಿದವರಿಗೆ ಒಂದು ಅನುಕೂಲವಿದೆ: ಬರವಣಿಗೆ ದೊಡ್ಡ ಪಟ್ಟಣದವರ ಕೆಲಸ ಎಂಬ ಅಂಜಿಕೆ ಇಲ್ಲ. ತೊಂದರೆಯೂ ಇದೆ. ಎರಡು ಪದ್ಯ ಅಚ್ಚಾದ ಕೂಡಲೇ ಮುಂದಿನ ಚಂಪಾ ತಾನೇ ಅನ್ನಿಸತೊಡಗುತ್ತದೆ. ಆ ಭ್ರಮೆ ಇಳಿಯುವುದು ಇನ್ನೊಬ್ಬರ ಪುಸ್ತಕ ಕೈಗೆ ಬಂದಾಗ. ಕತೆ ಬರೆಯುತ್ತ, ಹುಡುಗ ಹುಡುಗಿಯರ ಹಸ್ತಪ್ರತಿ ತಿದ್ದುತ್ತ ನನಗೆ ತಿಳಿದದ್ದಿಷ್ಟು: ಓದುಗ ಮೆಚ್ಚಿ ಮುಂದೆ ಹೋದರೆ ನಡೆದೀತು, ಬರೆಯುವವನು, ಬೇರೊಬ್ಬನ ಚಕ್ಕಡಿ ಕಂಡ ಬಡಗಿಯ ಹಾಗೆ, ಕೀಲು ಎಲ್ಲಿ ಕೂತಿದೆ ಎಂದು ಕೈಯಾಡಿಸಿ ನೋಡಲೇಬೇಕು.

1. ಮೊದಲು ನೆರೆಹೊರೆಯವರನ್ನು ಓದಿ

ಕನಕದಾಸರ ಬಾಡ ನಮ್ಮ ಪಕ್ಕದ ಶಿಗ್ಗಾಂವಿ ತಾಲ್ಲೂಕಿನಲ್ಲಿದೆ. ಜಯಂತಿಯ ದಿನ ಮಾಲೆ ಹಾಕುವವರು ಬಹಳ. 'ರಾಮಧಾನ್ಯಚರಿತೆ'ಯನ್ನು ಮೊದಲಿನಿಂದ ಕೊನೆಯವರೆಗೆ ಓದಿದವರು ಎಷ್ಟು ಮಂದಿ? ಕನಕದಾಸರಿಗಿಂತ ಮೊದಲು, ಕೋಳಿವಾಡದ ಕುಮಾರವ್ಯಾಸ ಭಾಮಿನಿ ಷಟ್ಪದಿಯಲ್ಲಿ ಭಾರತದ ಯುದ್ಧವನ್ನೇ ಕುಣಿಸಿದ್ದ. ಅದೇ ಛಂದಸ್ಸನ್ನು ಕನಕದಾಸರು ತೆಗೆದುಕೊಂಡರು. ಆದರೆ ಅದರೊಳಗೆ ನಿಲ್ಲಿಸಿದ್ದು ವೀರರನ್ನಲ್ಲ, ಅಕ್ಕಿ ಮತ್ತು ರಾಗಿಯನ್ನು. ರಾಮನ ಸಭೆಯಲ್ಲಿ ಎರಡೂ ಧಾನ್ಯ ಜಗಳಕ್ಕೆ ಬೀಳುತ್ತವೆ. ಆರು ತಿಂಗಳು ಸೆರೆಯಲ್ಲಿಟ್ಟು ಪರೀಕ್ಷಿಸಿದಾಗ ಕೆಡದೆ ಉಳಿದದ್ದು ರಾಗಿ. ಬಡವರ ತಟ್ಟೆಯ ಕಾಳು ಗೆಲ್ಲುತ್ತದೆ.

ಹಿಂದಿನವರಿಂದ ಕಲಿಯುವುದೆಂದರೆ ಏನು ಎಂದು ಕೇಳಿದವರಿಗೆ ನಾನು ಇದನ್ನೇ ತೋರಿಸುತ್ತೇನೆ. ಕಟ್ಟು ಕುಮಾರವ್ಯಾಸನಿಂದ ಬಂತು, ಕಾಳು ಸ್ವಂತದ್ದು. ಅದೇ ಕನಕದಾಸರು 'ಮೋಹನತರಂಗಿಣಿ'ಗೆ ಸಾಂಗತ್ಯ ಹಿಡಿದರು, ಕೀರ್ತನೆಗೆ ಬೇರೆಯೇ ದನಿ ಹಿಡಿದರು. ಒಂದೇ ಅಳತೆಯಲ್ಲಿ ಎಲ್ಲವನ್ನೂ ಹೊಲಿಯುವ ನಮ್ಮ ಇಂದಿನ ಕವಿಗಳು ಇಲ್ಲಿ ಸ್ವಲ್ಪ ನಿಲ್ಲಬೇಕು.

2. ಬಾಯಿಬಿಟ್ಟು ಓದಿ

ಸರ್ವಜ್ಞನ ಹೆಸರು ಹಿರೇಕೆರೂರು ಸೀಮೆಯ ಅಬಲೂರು, ಮಾಸೂರುಗಳ ಜೊತೆ ಬೆಸೆದುಕೊಂಡಿದೆ. ಅವನ ವಚನಗಳು ಶತಮಾನಗಳ ಕಾಲ ಜನರ ನಾಲಿಗೆಯ ಮೇಲೂ ಅಲ್ಲಲ್ಲಿ ಹಸ್ತಪ್ರತಿಗಳಲ್ಲೂ ಇದ್ದವು. ಉತ್ತಂಗಿ ಚನ್ನಪ್ಪನವರು ಅವನ್ನು ಹುಡುಕಿ ಸಂಪಾದಿಸಿ 1924ರಲ್ಲಿ ಪುಸ್ತಕ ಮಾಡಿದರು. ಶಿಶುನಾಳ ಶರೀಫರ ಪದಗಳು ತಂಬೂರಿಯ ಜೊತೆ ಇಂದಿಗೂ ನಡೆದಾಡುತ್ತಿವೆ. ಇಂಥವನ್ನು ಕಣ್ಣಲ್ಲಿ ಓದಿದರೆ ಅರ್ಧವೇ ಸಿಗುತ್ತದೆ. ಗಟ್ಟಿಯಾಗಿ ಓದಿ, ಉಸಿರು ಎಲ್ಲಿ ನಿಲ್ಲುತ್ತದೆ ನೋಡಿ. ಆಮೇಲೆ ನಿಮ್ಮ ಗದ್ಯವನ್ನೂ ಹಾಗೇ ಓದಿ. ನಾಲಿಗೆ ಎಡವಿದ ವಾಕ್ಯವನ್ನು ಅಲ್ಲೇ ಮುರಿಯಿರಿ. ಸರ್ವಜ್ಞ ಮೂರು ಸಾಲಲ್ಲಿ ಮುಗಿಸಿದ್ದನ್ನು ಮೂರು ಪುಟಕ್ಕೆ ಎಳೆದ ಲೇಖನಗಳು ನನ್ನ ಮೇಜಿಗೆ ಬರುತ್ತಲೇ ಇರುತ್ತವೆ.

3. ಒಂದು ಪುಟವನ್ನಾದರೂ ಅನುವಾದಿಸಿ

ಹಾವನೂರಿನ ಗಳಗನಾಥರು, ಅಂದರೆ ವೆಂಕಟೇಶ ತಿರಕೋ ಕುಲಕರ್ಣಿ, ಹರಿ ನಾರಾಯಣ ಆಪಟೆಯವರ ಮರಾಠಿ ಕಾದಂಬರಿಗಳನ್ನು ಕನ್ನಡಕ್ಕೆ ತಂದವರು. ಕನ್ನಡಿಗರಿಗೆ ಕಾದಂಬರಿ ಓದುವ ಚಟ ಹಚ್ಚಿದವರಲ್ಲಿ ಅವರು ಮುಂದಿನ ಸಾಲಿನವರು. ತಮ್ಮ ಪುಸ್ತಕಗಳನ್ನು ತಾವೇ ಹೊತ್ತು ಊರೂರು ತಿರುಗಿ ಮಾರಿದರು. ಆಪಟೆಯವರನ್ನು ಸಾಲುಸಾಲಾಗಿ ಕನ್ನಡಿಸಿದ ಆ ಕೈಯೇ 1923ರಲ್ಲಿ ವಿಜಯನಗರದ ಹುಟ್ಟನ್ನು ಹೇಳುವ 'ಮಾಧವ ಕರುಣಾ ವಿಲಾಸ'ವನ್ನು ಕೊಟ್ಟಿತು. ಆ ದೊಡ್ಡ ಕತೆಯನ್ನು ಎಲ್ಲಿ ಕಟ್ಟಬೇಕು, ಎಲ್ಲಿ ಬಿಡಬೇಕು ಎಂಬ ಹದ ಅನುವಾದದ ಮೇಜಿನ ಮೇಲೆಯೇ ಪಳಗಿತ್ತೆಂದು ನನ್ನ ನಂಬಿಕೆ.

ಅನುವಾದಕ್ಕಿಂತ ನಿಧಾನವಾದ ಓದು ಇನ್ನೊಂದಿಲ್ಲ. ಸುಮ್ಮನೆ ಓದುವಾಗ ಹಾರಿಹೋಗುವ ಒಂದು 'ಆದರೂ', ಒಂದು 'ಅಷ್ಟರಲ್ಲಿ' ಅಲ್ಲಿ ದಾರಿಗೆ ಅಡ್ಡ ನಿಲ್ಲುತ್ತದೆ. ನನಗೆ ಬರುವ ಮರಾಠಿ ಅಷ್ಟಕ್ಕಷ್ಟೇ. ಆದರೂ ಕತೆ ಮುಂದೆ ಸಾಗದೆ ಕೂತಾಗಲೆಲ್ಲ ನಿಘಂಟು ತೆರೆದು ಒಂದು ಪುಟ ಕನ್ನಡಕ್ಕೆ ತರುತ್ತೇನೆ. ಅಚ್ಚಿಗೆ ಕೊಡುವುದಿಲ್ಲ, ಯಾರಿಗೂ ತೋರಿಸುವುದೂ ಇಲ್ಲ.

4. ನಿಮ್ಮಂತೆ ಬರೆಯದವರನ್ನು ಬಿಡಬೇಡಿ

ಇದು ಎಲ್ಲಕ್ಕಿಂತ ಕಷ್ಟದ ಪಾಠ. ನಮ್ಮ ತಾಲ್ಲೂಕಿನ ಇಬ್ಬರನ್ನೇ ನೋಡಿ. ವಿನಾಯಕ ಕೃಷ್ಣ ಗೋಕಾಕರು 1909ರಲ್ಲಿ ಸವಣೂರಿನಲ್ಲಿ ಹುಟ್ಟಿದರು, ಧಾರವಾಡದಲ್ಲಿ ಬೇಂದ್ರೆಯವರ ಗೆಳೆಯರ ಗುಂಪಿನಲ್ಲಿ ಬೆಳೆದರು, ಆಕ್ಸ್‌ಫರ್ಡಿನಲ್ಲಿ ಇಂಗ್ಲಿಷ್ ಸಾಹಿತ್ಯ ಓದಿದರು. ಕಡಲಿಲ್ಲದ ಸೀಮೆಯಲ್ಲಿ ಹುಟ್ಟಿ 'ಸಮುದ್ರಗೀತೆಗಳು' ಬರೆದರು. ಮುಂದೆ ಜ್ಞಾನಪೀಠ. ಚಂಪಾ ಅವರದು ಪೂರಾ ಬೇರೆ ಜಾತಕ. ಗೋಕಾಕರದು ಸಮನ್ವಯದ ಮಾತು, ಇವರದು ಚುಚ್ಚುವ ಮಾತು. ಇವರೂ ಇಂಗ್ಲಿಷ್ ಕಲಿಸಿದ ಮೇಷ್ಟ್ರೇ, ಲೀಡ್ಸ್‌ನಲ್ಲಿ ಓದಿ ಬಂದವರೇ. 1960ರ 'ಬಾನುಲಿ'ಯಿಂದ ನವ್ಯದ 'ಮಧ್ಯಬಿಂದು'ವಿಗೆ, ಅಲ್ಲಿಂದ ಪಶ್ಚಿಮದ ಅಸಂಗತ ನಾಟಕದ ಜಾಡು ಹಿಡಿದು 'ಕೊಡೆಗಳು' ನಾಟಕಕ್ಕೆ, ಕೊನೆಗೆ ಬಂಡಾಯಕ್ಕೆ. ತುರ್ತುಪರಿಸ್ಥಿತಿಯಲ್ಲಿ ಸೆರೆವಾಸವೂ ಆಯಿತು. ಹೀಗೆ ನಿಂತ ನೆಲ ಬದಲಾಯಿಸುತ್ತ ಹೋದ ಕವಿಗೆ ಪ್ರತಿ ತಿರುವಿನಲ್ಲೂ ಬೇರೆಯವರ ಬರಹದ ಜೊತೆ ಒಂದು ಜಗಳ ಇದ್ದೇ ಇರುತ್ತದೆ. ಓದಿ ಜಗಳವಾಡುವುದು ಓದದೆ ಹೊಗಳುವುದಕ್ಕಿಂತ ಎಷ್ಟೋ ಮೇಲು.

ಇನ್ನೊಂದು ವಿಚಿತ್ರ. ಶಾಲೆಯಲ್ಲಿ ಕನ್ನಡಕ್ಕೆ ಮೊದಲ ಸ್ಥಾನ ಕೊಡಬೇಕೆಂದ 1981ರ ವರದಿ ಗೋಕಾಕರದು; ಅದು ಜಾರಿಯಾಗಲಿ ಎಂದು ನಡೆದ ಚಳವಳಿಯ ಮುಂಚೂಣಿಯಲ್ಲಿ ಚಂಪಾ ಇದ್ದರು. ಒಂದೇ ತಾಲ್ಲೂಕಿನ ಈ ಇಬ್ಬರಲ್ಲಿ ಒಬ್ಬರನ್ನು ಮಾತ್ರ ಓದುತ್ತೇನೆ ಎನ್ನುವವರು ಅರ್ಧ ಸವಣೂರನ್ನು ಕಳೆದುಕೊಳ್ಳುತ್ತಾರೆ.

5. ಓರಗೆಯವರ ಹಸಿ ಬರಹವನ್ನೂ ಓದಿ

1964ರಲ್ಲಿ ಚಂಪಾ, ಗಿರಡ್ಡಿ ಗೋವಿಂದರಾಜ, ಸಿದ್ಧಲಿಂಗ ಪಟ್ಟಣಶೆಟ್ಟಿ ಸೇರಿ 'ಸಂಕ್ರಮಣ' ಪತ್ರಿಕೆ ಶುರು ಮಾಡಿದಾಗ ಮೂವರೂ ಇನ್ನೂ ಎಳೆಯರು. ಸಂಪಾದಕನಾದವನು ಅಚ್ಚಾಗದ್ದನ್ನೂ ಓದಬೇಕು. ಕೆಟ್ಟ ಕವಿತೆ ಯಾಕೆ ಕೆಟ್ಟಿತು ಎಂದು ತನಗಾದರೂ ಹೇಳಿಕೊಳ್ಳಬೇಕು. ಮೇರುಕೃತಿ ಕಣ್ಣು ಕೋರೈಸುತ್ತದೆ, ಅದರ ಹೊಲಿಗೆ ಸುಲಭಕ್ಕೆ ಕಾಣುವುದಿಲ್ಲ. ಅರೆಬೆಂದ ಕತೆಯಲ್ಲಿ ಎಲ್ಲ ಕಾಣುತ್ತದೆ. ಹಾಗಾಗಿ ಗೆಳೆಯರ ಹಸ್ತಪ್ರತಿ ಬಂದರೆ ಪೆನ್ಸಿಲ್ ಹಿಡಿದೇ ಓದಿ. "ಭಾಳ ಚಲೋ ಆಗೇದ" ಎಂದು ಹೇಳಿ ಕಳಿಸಿದರೆ ಇಬ್ಬರೂ ಏನೂ ಕಲಿಯುವುದಿಲ್ಲ.

6. ಬರೆಯಲು ಕೂತಾಗ ಪುಸ್ತಕ ಮುಚ್ಚಿಡಿ

ಮೆಚ್ಚಿದ ಲೇಖಕನ ದನಿ ಎಳೆಯ ಬರಹದಲ್ಲಿ ಕೇಳಿಸಿಯೇ ಕೇಳಿಸುತ್ತದೆ. ಬೇಂದ್ರೆಯವರನ್ನು ಓದಿದ ವಾರ ಎಲ್ಲರೂ ಬೇಂದ್ರೆಯೇ. ಅದಕ್ಕೆ ನಾಚಬೇಕಿಲ್ಲ; ಬರೆಯುವ ಹೊತ್ತಿಗೆ ಆ ಪುಸ್ತಕ ಮುಚ್ಚಿಟ್ಟರೆ ಸಾಕು. ಇನ್ನೊಬ್ಬರನ್ನು, ಮತ್ತೊಬ್ಬರನ್ನು ಓದುತ್ತ ಹೋದರೆ ಒಂದು ದನಿಯ ಹಿಡಿತ ಇನ್ನೊಂದರಿಂದ ಸಡಿಲಾಗುತ್ತದೆ. ಒಬ್ಬರನ್ನೇ ಓದುವವನಿಗೆ ಮಾತ್ರ ಬಿಡುಗಡೆ ಇಲ್ಲ.

7. ಪುಸ್ತಕ ಸಿಗುವುದಿಲ್ಲ ಎನ್ನಬೇಡಿ

ಹಳ್ಳಿಯಲ್ಲಿ ಪುಸ್ತಕದಂಗಡಿ ಇಲ್ಲ, ನಿಜ. ಗ್ರಾಮ ಪಂಚಾಯತಿಯ ಗ್ರಂಥಾಲಯ ಇದೆ. ಈಗ ಅದರ ಹೆಸರು ಅರಿವು ಕೇಂದ್ರ. ಹೆಚ್ಚಿನವರು ಅಲ್ಲಿ ಪೇಪರ್ ಓದಿ, ಸ್ಪರ್ಧಾತ್ಮಕ ಪರೀಕ್ಷೆಯ ಗೈಡ್ ತಿರುವಿ ಎದ್ದು ಬರುತ್ತಾರೆ. ನಿಮ್ಮ ಮನೆ ತೆರಿಗೆಯ ಮೇಲೆ ನೂರಕ್ಕೆ 6ರಂತೆ ಗ್ರಂಥಾಲಯ ಕರ ಕಟ್ಟುತ್ತಿದ್ದೀರಿ. ನಾಳೆ ಹೋಗಿ ಕಪಾಟಿನಲ್ಲಿ ಚಂಪಾ, ಗೋಕಾಕ, ಗಳಗನಾಥ ಇದ್ದಾರೆಯೇ ನೋಡಿ. ಇಲ್ಲದಿದ್ದರೆ ತರಿಸಿಕೊಡಿ ಎಂದು ಪಂಚಾಯತಿಗೆ ಬರೆದು ಕೊಡಿ.