ಕಡಲಿಲ್ಲದ ಊರಿನಲ್ಲಿ ಕಡಲ ಮನೆ

(ಬಿ.ಎ. ಅಂತಿಮ ವರ್ಷದ ವಿದ್ಯಾರ್ಥಿನಿಯೊಬ್ಬಳ ಲೇಖನ)

ಮನೆಯನ್ನು ಶೃಂಗರಿಸುವುದು ಉಳ್ಳವರ ವಿಲಾಸವೆಂದು ನಮ್ಮಲ್ಲಿ ಹಲವರ ತಿಳಿವಳಿಕೆ. ಆದರೆ ಹಬ್ಬಕ್ಕೆ ಸುಣ್ಣ ಕಾಣದ ಗೋಡೆಯನ್ನಾಗಲಿ, ಸಾರಣೆ ಕಾಣದ ಹೊಸ್ತಿಲನ್ನಾಗಲಿ ನಾನು ನಮ್ಮ ಕೊಕಟನೂರಿನ ಅತ್ಯಂತ ಬಡವರ ಓಣಿಯಲ್ಲಿಯೂ ಕಂಡವಳಲ್ಲ. ಎಲ್ಲಮ್ಮನ ಜಾತ್ರೆ ಹತ್ತಿರ ಬಂದಿತೆಂದರೆ ಕೈಯಲ್ಲಿ ಕಾಸಿಲ್ಲದವರೂ ಗೋಡೆಗೆ ಒಂದು ಕೈ ಬಳಿದೇ ತೀರುತ್ತಾರೆ. ಆದ್ದರಿಂದ ಅಲ್ಪ ವೆಚ್ಚದಲ್ಲಿ ಮನೆಯನ್ನು ಅಂದಗೊಳಿಸುವ ವಿಷಯವನ್ನು ಕುರಿತು ನಾಲ್ಕು ಮಾತು ಬರೆದರೆ ಅದು ಅಪ್ರಸ್ತುತವಾಗಲಾರದೆಂದು ಭಾವಿಸಿದ್ದೇನೆ.

ಅಪ್ರಸ್ತುತವೆನಿಸಬಹುದಾದುದು ಬೇರೊಂದು ಇದೆ. ನಾನು ಮಾಡಹೊರಟದ್ದು ಕರಾವಳಿಯ ಮಾದರಿಯ ಅಲಂಕಾರ! ಅಥಣಿ ತಾಲೂಕೆಲ್ಲಿ, ಅರಬ್ಬೀ ಸಮುದ್ರವೆಲ್ಲಿ? ನಡುವೆ ಸಹ್ಯಾದ್ರಿ ಅಡ್ಡ ನಿಂತಿದೆ. ಕಡಲಿನಿಂದ ಬರುವ ಮುಂಗಾರು ಮೋಡಗಳು ಘಟ್ಟದ ಆಚೆಯ ಮಗ್ಗುಲಲ್ಲಿಯೇ ತಮ್ಮ ಹೊರೆಯನ್ನು ಬಹುಮಟ್ಟಿಗೆ ಇಳಿಸಿ, ನಮ್ಮ ಕಡೆಗೆ ಬರಿಗೈಯಲ್ಲಿ ಬರುತ್ತವೆ. ಅಲ್ಲಿ ವರ್ಷಕ್ಕೆ ೩,೦೦೦ ಮಿಲಿಮೀಟರಿಗೂ ಮಿಕ್ಕಿ ಮಳೆಯಾದರೆ ನಮ್ಮಲ್ಲಿ ಐದಾರುನೂರು ಬಂದರೆ ಅದೇ ಸುಕಾಲ. ಕೃಷ್ಣೆಯ ದಂಡೆಯ ಹಳ್ಳಿಯವರು ೨೦೧೯ರ ಆಗಸ್ಟಿನಲ್ಲಿ ಮನೆಯ ಬಾಗಿಲಿಗೇ ಸಮುದ್ರವನ್ನು ಕಂಡರು; ಅವರೆದುರಿಗೆ ನೀರಿನ ಸೊಬಗನ್ನು ವರ್ಣಿಸುವ ಧೈರ್ಯ ನನಗಿಲ್ಲ.

ಹೀಗಿದ್ದೂ ಈ ಹುಚ್ಚು ನನಗೇಕೆ ಹತ್ತಿತೆಂಬುದನ್ನು ಮೊದಲು ಹೇಳಬೇಕು. ನಮ್ಮ ತಂದೆ ಹನ್ನೆರಡು ವರ್ಷ ಮಂಗಳೂರಿನ ಕಡೆ ಮನೆ ಕಟ್ಟುವ ಕೆಲಸಕ್ಕೆ ಹೋಗಿದ್ದವರು. ಬೆಳಗಾವಿ, ವಿಜಯಪುರ, ಬಾಗಲಕೋಟೆಯ ಕಡೆಯಿಂದ ಹೀಗೆ ಘಟ್ಟವಿಳಿದು ಹೋದವರು ಎಷ್ಟೋ ಜನ. ಕಲ್ಲು ಹೊತ್ತು, ಗಾರೆ ಕಲಸಿ, ಹಂಚು ಏರಿಸಿ ಪರರಿಗಾಗಿ ಎಷ್ಟು ಮನೆ ಕಟ್ಟಿದರೋ ಅವರಿಗೇ ಲೆಕ್ಕವಿಲ್ಲ. ಆ ಕೂಲಿಯಲ್ಲಿಯೇ ನಾನು ಓದಿದ್ದು. ನಮ್ಮ ಮನೆತನದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವಳು ನಾನೇ ಮೊದಲು. ಈಗ ಮೊಣಕಾಲು ಹಿಡಿದು ಅವರು ಊರಿಗೆ ಮರಳಿದ್ದಾರೆ. ಕಳೆದ ಬೇಸಗೆಯಲ್ಲಿ ಪಡಸಾಲೆಯ ಕತ್ತಲಲ್ಲಿ ಮಲಗಿದ್ದವರು ಒಂದು ಸಂಜೆ ತಮ್ಮಷ್ಟಕ್ಕೇ ಎಂಬಂತೆ, “ಅಲ್ಲಿ ಇಷ್ಟೊತ್ತಿಗೆ ಗಾಳಿ ಬಿಡ್ತಿತ್ತು” ಎಂದರು. ಆ ಮಾತು ನನ್ನ ಮನಸ್ಸಿನಲ್ಲಿ ನಿಂತುಬಿಟ್ಟಿತು. ವಿದ್ಯಾರ್ಥಿವೇತನದಲ್ಲಿ ಉಳಿಸಿದ ರೂ. ೭,೦೦೦ ನನ್ನಲ್ಲಿತ್ತು. ಇದರಲ್ಲಿ ನಮ್ಮ ಮನೆಗೆ ಕಡಲ ತೀರದ ಕಳೆಯನ್ನು ತರಬೇಕೆಂದು ನಿಶ್ಚಯಿಸಿದೆ.

ಕಡಲ ಕಳೆ ಎಂದರೇನು? ನಾನು ಸಚಿತ್ರ ಪತ್ರಿಕೆಗಳಲ್ಲಿ ನೋಡಿ ತಿಳಿದದ್ದು ಇಷ್ಟು: ಬಿಳಿ ಗೋಡೆ, ನೀಲಿ ಬಣ್ಣದ ಕಿಟಕಿ, ಗಾಜಿನ ಭರಣಿಯಲ್ಲಿ ಚಿಪ್ಪು, ಗೋಡೆಗೊಂದು ಹಡಗಿನ ಲಂಗರು. ಅದರಂತೆಯೇ ಅಂಗಡಿಯೊಂದರಿಂದ ರೂ. ೨,೩೦೦ ಕೊಟ್ಟು ತಿಳಿನೀಲಿಯ ಪ್ಲಾಸ್ಟಿಕ್ ಬಣ್ಣವನ್ನು ತಂದು ಪಡಸಾಲೆಯ ಮಣ್ಣಿನ ಗೋಡೆಗೆ ಬಳಿದೆ. ಎರಡು ವಾರ ಅದು ಕಣ್ಣಿಗೆ ಹಬ್ಬವೇ ಸರಿ. ಮೂರನೆಯ ವಾರ ಬಚ್ಚಲಿನ ಕಡೆಯ ಗೋಡೆಯಲ್ಲಿ ಗುಳ್ಳೆ ಎದ್ದಿತು. ತಿಂಗಳು ತುಂಬುವುದರೊಳಗೆ ಹಾವಿನ ಪೊರೆಯಂತೆ ಹಾಳೆ ಹಾಳೆಯಾಗಿ ಕಳಚಿ, ಒಳಗಿನ ಮಣ್ಣನ್ನೂ ಹಿಡಿದುಕೊಂಡೇ ಕೆಳಗೆ ಬಿದ್ದಿತು. ಮಣ್ಣಿನ ಗೋಡೆ ನೆಲದ ತೇವವನ್ನು ಹೀರಿಕೊಂಡು ಮೈಯೆಲ್ಲದರಿಂದಲೂ ಹೊರಗೆ ಬಿಡುತ್ತದೆ. ಅದರ ಮೇಲೆ ಇಂಥ ಬಣ್ಣವನ್ನು ಬಳಿದರೆ ಬಾಯಿ ಕಟ್ಟಿದಂತಾಗುತ್ತದೆ. ತೇವ ಒಳಗೇ ನಿಂತು ಹೊದಿಕೆಯನ್ನು ನೂಕುತ್ತದೆ. ಸಿಮೆಂಟಿನ ಗಿಲಾವಿಗೂ ಇದೇ ಗತಿ. ಇದು ಪುಸ್ತಕದಿಂದ ನಾನು ಕಲಿತದ್ದಲ್ಲ. ಅಪ್ಪ ಎಲ್ಲವನ್ನೂ ನೋಡುತ್ತ ಕುಳಿತಿದ್ದು, ಕಡೆಗೆ ಹೇಳಿದ್ದು.

“ಮೊದಲ ಯಾಕ ಹೇಳಲಿಲ್ಲಪ್ಪಾ?” ಎಂದೆ.

“ಸಾಲಿ ಕಲತಾಕಿ, ನಿನಗ ಗೊತ್ತಿರತೈತಿ ಅಂದ್ಕೊಂಡ್ನಿ ಮಗಳ” ಎಂದರು. ಆ ಮಾತಿನಲ್ಲಿ ಕುಹಕ ಎಳ್ಳಷ್ಟೂ ಇರಲಿಲ್ಲ. ಅದಕ್ಕಾಗಿಯೇ ನನಗೆ ಹೆಚ್ಚು ನಾಚಿಕೆಯಾಯಿತು.

ಅಂದಿನಿಂದ ನಾನು ಚಿತ್ರಗಳನ್ನು ಬಿಟ್ಟು ಅಪ್ಪನನ್ನು ಕೇಳತೊಡಗಿದೆ. ಕರಾವಳಿಯ ಹಳೆಯ ಮನೆಯಲ್ಲಿ ಅವರು ಹೇಳಿದಂತೆ ಲಂಗರೂ ಇಲ್ಲ, ಭರಣಿಯ ಚಿಪ್ಪೂ ಇಲ್ಲ. ಇರುವುದೇನೆಂದರೆ ಕೆಂಪು ಮುರಕಲ್ಲಿನ ಗೋಡೆ. ಈ ಕಲ್ಲು ನೆಲದಿಂದ ಕಡಿಯುವಾಗ ಮೆತ್ತಗಿದ್ದು, ಗಾಳಿಗೆ ಬಿದ್ದಂತೆ ಗಟ್ಟಿಯಾಗುತ್ತದೆ. ಮೇಲೆ ಇಳಿಜಾರಿನ ಹಂಚಿನ ಮಾಡು. ಮಳೆಯ ಎರಚಲು ಗೋಡೆಗೆ ತಾಗದಂತೆ ಮುಂದಕ್ಕೆ ಚಾಚಿದ ಸೂರು. ಅದರಡಿ ಕಾವಿಯ ಬಣ್ಣದ ನುಣುಪು ನೆಲದ ಜಗಲಿ. ಎದುರಿಗೆ ಗುಡಿಸಿದ ಅಂಗಳ. ಮಂಗಳೂರು ಹಂಚು ಎಂದು ನಾವು ಕರೆಯುವ ಈ ಹಂಚಿಗೂ ಒಂದು ಇತಿಹಾಸವುಂಟು. ಬಾಸೆಲ್ ಮಿಶನ್ನಿನ ಪ್ಲೆಬ್ಸ್ಟ್ ಎಂಬವರು ನೇತ್ರಾವತಿಯ ದಂಡೆಯ ಜೇಡಿಯನ್ನು ಬಳಸಿ ಮಂಗಳೂರಿನ ಜೆಪ್ಪುವಿನಲ್ಲಿ ೧೮೬೫ರಲ್ಲಿ ಮೊದಲ ಕಾರಖಾನೆಯನ್ನು ತೆರೆದರು. ಒಂದರ ಅಂಚು ಮತ್ತೊಂದರ ಗಾಡಿಯಲ್ಲಿ ಕೂಡುವ ಈ ಹಂಚು ಮಳೆಯನ್ನು ಹೊರಗಿಡುತ್ತದೆ, ಒಳಗಿನ ಬಿಸಿಗಾಳಿಯನ್ನು ಸಂದಿನಿಂದ ಹೊರಗೆ ಬಿಡುತ್ತದೆ. ಕಡಲ ತಡಿಯಲ್ಲಿ ಗಾಳಿಯೇ ತೇವವಾಗಿರುವುದರಿಂದ ಮೈಯ ಬೆವರು ಆರುವುದಿಲ್ಲ. ಬೀಸುವ ಗಾಳಿಯೊಂದೇ ಅಲ್ಲಿಯ ಸುಖ. ಮನೆಯೆಲ್ಲವೂ ಆ ಗಾಳಿಗಾಗಿಯೇ ತೆರೆದುಕೊಂಡಿರುತ್ತದೆ.

ನಮ್ಮೂರ ಮನೆಯಾದರೋ ಇದಕ್ಕೆ ತೀರ ವಿರುದ್ಧ. ಮೊಳಕ್ಕೂ ಮಿಕ್ಕಿದ ದಪ್ಪದ ಕಲ್ಲು-ಮಣ್ಣಿನ ಗೋಡೆ, ಸಣ್ಣ ಕಿಟಕಿ, ತೊಲೆ-ಜಂತೆಗಳ ಮೇಲೆ ಗೇಣುಗಟ್ಟಲೆ ಮಣ್ಣು ಹೇರಿದ ಮಾಳಿಗೆ, ನಡುವೆ ಒಂದು ಬೆಳಕಿಂಡಿ. ಎಪ್ರಿಲ್-ಮೇ ತಿಂಗಳ ನಲವತ್ತು ಡಿಗ್ರಿಯ ಒಣ ಬಿಸಿಲು ಆ ಮಣ್ಣನ್ನು ದಾಟಿ ಒಳಬರುವುದರೊಳಗೆ ಹೊತ್ತು ಮುಳುಗಿರುತ್ತದೆ. ಈ ಎರಡು ಮನೆಗಳ ಅಂತರವನ್ನು ಅಪ್ಪ ಒಂದೇ ಮಾತಿನಲ್ಲಿ ಮುಗಿಸಿದರು: “ಅಲ್ಲಿ ಗಾಳಿ ಒಳಗ ಬರ್ಲಿ ಅಂತ ಮನಿ ಕಟ್ತಾರ, ಇಲ್ಲಿ ಬಿಸಲ ಒಳಗ ಬರಬಾರ್ದಂತ ಕಟ್ತೇವು.” ಮೂರು ವರ್ಷ ಭೂಗೋಳ ಓದಿದ ನನಗೆ ಇಷ್ಟು ಚೊಕ್ಕವಾಗಿ ಹೇಳಲು ಬಂದೀತೇ?

ಆದ್ದರಿಂದ ಮಾಳಿಗೆಯನ್ನು ಕೆಡವಿ ಹಂಚು ಹೊದಿಸುವ ಮಾತು ಬಿದ್ದುಹೋಯಿತು. ಗೋಡೆಯೊಡೆದು ದೊಡ್ಡ ಕಿಟಕಿ ಇಡುವ ಮಾತೂ ಹೋಯಿತು. ಮಧ್ಯಾಹ್ನದ ಬಿಸಿಗಾಳಿಯನ್ನು ಕರೆದು ಮಣೆ ಹಾಕಿದಂತಾಗುತ್ತಿತ್ತು. ಆದರೆ ನಮ್ಮಲ್ಲಿ ಇದ್ದ ಕಿಂಡಿಗಳ ಗತಿ ಏನಾಗಿತ್ತೆಂದು ನೋಡಿದೆ. ಬೆಳಕಿಂಡಿಗೆ ಯಾವುದೋ ಮಳೆಗಾಲದಲ್ಲಿ ತಗಡು ಮುಚ್ಚಿ ಮೇಲೆ ಕಲ್ಲು ಹೇರಿದ್ದು ಹಾಗೆಯೇ ಉಳಿದಿತ್ತು. ಹಿತ್ತಲ ಕಿಟಕಿಯ ಮುಂದೆ ಜೋಳದ ಚೀಲದ ಒಟ್ಟು. ಅದರ ಕದವೋ ತುಕ್ಕು ಹಿಡಿದು ಅಲುಗದು. ಚೀಲಗಳನ್ನು ಒಳಕೋಣೆಗೆ ಸಾಗಿಸಿ, ಬಡಿಗನಿಂದ ಕದವನ್ನು ಸರಿಪಡಿಸಿ, ಬೆಳಕಿಂಡಿಗೆ ಬೇಕಾದಾಗ ಸರಿಸಬಹುದಾದ ಮುಚ್ಚಳವನ್ನೂ ಇಲಿ-ಹಕ್ಕಿ ಬಾರದಂತೆ ಜಾಳಿಗೆಯನ್ನೂ ಹಾಕಿಸಿದೆವು. ಬಿಸಿಯಾದ ಗಾಳಿ ಹಗುರಾಗಿ ಮೇಲಕ್ಕೇರುವುದು ನಿಸರ್ಗ ನಿಯಮ. ಮೇಲೊಂದು ದಾರಿ ಸಿಕ್ಕರೆ ಅದು ಹೊರಟುಹೋಗಿ, ಕೆಳಗಿನ ಕಿಟಕಿಯಿಂದ ತಂಪು ಗಾಳಿ ಒಳಬರುತ್ತದೆ. ಹಗಲು ಎಲ್ಲವನ್ನೂ ಮುಚ್ಚಬೇಕು, ಹೊತ್ತು ಮುಳುಗಿದೊಡನೆ ಎಲ್ಲವನ್ನೂ ತೆರೆಯಬೇಕು. ಮೊದಲ ದಿನ ಸಂಜೆ ದೀಪದ ಕುಡಿ ಹಿತ್ತಲ ಕಡೆಯಿಂದ ಪಡಸಾಲೆಯ ಕಡೆಗೆ ಬಾಗಿದ್ದನ್ನು ನೋಡಿ ಅವ್ವ “ಅಯ್ಯ, ಗಾಳಿ!” ಎಂದಳು. ಈ ಎಲ್ಲ ಕೆಲಸದಲ್ಲಿ ಹಣ ಹೋದದ್ದು ಬಡಿಗನಿಗೂ ಜಾಳಿಗೆಗೂ ಮಾತ್ರ.

ಇನ್ನು ಗೋಡೆಯ ವಿಷಯ. ಅಪ್ಪನ ಸಲಹೆಯಂತೆ ಪ್ಲಾಸ್ಟಿಕ್ ಬಣ್ಣವನ್ನು ಪೂರ್ತಿ ಕೆರೆದು, ಬಿದ್ದಲ್ಲಿ ಮಣ್ಣು ಮೆತ್ತಿ, ಆರಿದ ಮೇಲೆ ಸುಣ್ಣಕ್ಕೆ ಮರಳಿದೆವು. ಕರಾವಳಿಯಲ್ಲಿ ಹಿಂದೆ ಚಿಪ್ಪನ್ನು ಸುಟ್ಟು ಸುಣ್ಣ ಮಾಡುತ್ತಿದ್ದರು. ನಮ್ಮ ಕರಿಮಣ್ಣಿನಲ್ಲಿ ಸುಣ್ಣದ ಹರಳುಗಳೇ ಸಿಗುತ್ತವೆ. ರಸಾಯನಶಾಸ್ತ್ರದ ದೃಷ್ಟಿಯಿಂದ ಎರಡೂ ಒಂದೇ ವಸ್ತು. ಅಲಂಕಾರಕ್ಕೆಂದು ಸಮುದ್ರದ ಚಿಪ್ಪನ್ನು ಕೊಂಡು ತರುವ ಗೆಳತಿಯರು ಇದನ್ನು ಗಮನಿಸಬೇಕು. ಸುಟ್ಟ ಸುಣ್ಣದ ಕಲ್ಲಿಗೆ ನೀರು ಹೊಯ್ದೊಡನೆ ಅದು ಕುದಿದು ಅರಳುತ್ತದೆ. ಆಗ ಮಕ್ಕಳನ್ನು ದೂರವಿಡಬೇಕು, ಕೈಗೆ ಕೊಬ್ಬರಿ ಎಣ್ಣೆ ಸವರಿಕೊಳ್ಳಬೇಕು, ಕಣ್ಣಿಗೆ ಸಿಡಿಯದಂತೆ ನೋಡಿಕೊಳ್ಳಬೇಕು. ಅರಳಿದ ಸುಣ್ಣವನ್ನು ಕೆಲವು ದಿನ ನೀರಿನಲ್ಲಿ ನೆನೆಯಲು ಬಿಟ್ಟು, ಬಟ್ಟೆಯಲ್ಲಿ ಸೋಸಿ, ಬಿಸಿನೀರಿನಲ್ಲಿ ಕರಗಿಸಿದ ಅಂಟನ್ನು ಬೆರೆಸಿ, ಗೋಡೆಗೆ ನೀರು ಚಿಮುಕಿಸಿ ತೆಳ್ಳಗೆ ಬಳಿಯಬೇಕು. ಹಸಿಯಿರುವಾಗ ಏನೂ ಬಳಿದಿಲ್ಲವೇನೋ ಎಂಬಂತೆ ಕಾಣುತ್ತದೆ. ಗಾಬರಿಯಾಗಿ ದಪ್ಪನಾಗಿ ಬಳಿದರೆ ಚಕ್ಕೆ ಏಳುವುದು ಖಂಡಿತ. ಅದು ಆರಿದಂತೆ ಬೆಳ್ಳಗಾಗುತ್ತದೆ, ಗಾಳಿಯಲ್ಲಿಯ ಇಂಗಾಲಾಮ್ಲವನ್ನು ಹೀರಿ ಮತ್ತೆ ಕಲ್ಲಾಗುತ್ತದೆ. ಆದರೂ ಗೋಡೆಯ ಉಸಿರನ್ನು ಕಟ್ಟುವುದಿಲ್ಲ. ಕಡೆಯ ಕೈಗೆ ಬಟ್ಟೆಗೆ ಹಾಕುವ ನೀಲಿಯನ್ನು ತುಸು ಹೆಚ್ಚಾಗಿಯೇ ಬೆರೆಸಿದೆವು. ರೂ. ೨,೩೦೦ಕ್ಕೆ ಕೊಂಡ ನೀಲಿಗಿಂತ ಇದು ನನಗೆ ಹೆಚ್ಚು ಹಿಡಿಸಿತು. ನಮ್ಮ ಓಣಿಯ ಹತ್ತು ಮನೆಗಳಲ್ಲಿ ಇದೇ ನೀಲಿಯ ಗೋಡೆಗಳಿದ್ದು, ಬಾಲ್ಯದಿಂದ ಅವುಗಳ ಮುಂದೆಯೇ ಓಡಾಡಿದ ನಾನು ನೀಲಿಯನ್ನು ಪತ್ರಿಕೆಯ ಚಿತ್ರದಲ್ಲಿ ಹುಡುಕಿದೆನಲ್ಲ!

ಕಾಲೇಜಿನ ಪ್ರವಾಸದಲ್ಲಿ ಉತ್ತರ ಕನ್ನಡಕ್ಕೆ ಹೋದಾಗ ಕಂಡ ಕಾವಿ ಕಲೆಯೂ ನನ್ನ ತಲೆಯಲ್ಲಿತ್ತು. ಗೋವೆಯಿಂದ ಹಿಡಿದು ಕುಮಟೆ, ಹೊನ್ನಾವರಗಳವರೆಗಿನ ಹಳೆಯ ಗುಡಿ ಮತ್ತು ಮನೆಗಳ ಗೋಡೆಗಳಲ್ಲಿ ಈ ಕಲೆಯುಂಟು. ಚಿಪ್ಪಿನ ಸುಣ್ಣ ಮತ್ತು ಮರಳಿಗೆ ಬೆಲ್ಲದ ನೀರು ಸೇರಿಸಿ, ಹುಳಿಯಲು ಬಿಟ್ಟು, ಕುಟ್ಟಿ ಹದಮಾಡಿ ಗೋಡೆಗೆ ಮೆತ್ತುತ್ತಾರೆ. ಅದರ ಮೇಲೆ ಕೆಮ್ಮಣ್ಣಿನ ಕಾವಿಯ ತೆಳು ಪದರ ಕೊಟ್ಟು, ಹಸಿಯಿರುವಾಗಲೇ ಉಕ್ಕಿನ ಮೊನೆಯಿಂದ ಕೆರೆಯುತ್ತಾರೆ. ಕೆರೆದಲ್ಲಿ ಒಳಗಿನ ಬಿಳಿ ಕಾಣುತ್ತದೆ, ಉಳಿದದ್ದು ಕೆಂಪಾಗಿರುತ್ತದೆ. ಹೊನ್ನಾವರದವರಾದ ಡಾ. ಕೃಷ್ಣಾನಂದ ಕಾಮತರು ಅಳಿಯುತ್ತಿದ್ದ ಈ ಕಲೆಯನ್ನು ಊರೂರು ತಿರುಗಿ ದಾಖಲಿಸದಿದ್ದರೆ ನಮ್ಮಂಥವರಿಗೆ ಇದರ ಹೆಸರೂ ತಿಳಿಯುತ್ತಿರಲಿಲ್ಲವೇನೋ. ಹಳೆಯ ಗೋಡೆಗಳು ಬಿದ್ದಂತೆ ಚಿತ್ರಗಳೂ ಹೋಗುತ್ತಿವೆ.

ನಾನು ಮಾಡಿದ್ದು ಅದರ ಬಡ ತಂಗಿ. ಬಾಗಿಲ ಚೌಕಟ್ಟಿನ ಸುತ್ತ ಒಂದು ಗೇಣು ಅಗಲಕ್ಕೆ ಸುಣ್ಣ-ಮರಳಿನ ತೆಳ್ಳನೆಯ ಗಿಲಾವು ಮಾಡಿ, ಅದರ ಮೇಲೆ ನಾವು ಹೊಸ್ತಿಲಿಗೆ ಹಚ್ಚುವ ಹುರಮಂಜನ್ನೇ ಬಳಿದು, ಹಳೆಯ ಕೊಡೆಯ ಕಡ್ಡಿಯಿಂದ ಕೆರೆದೆ. ಮೊದಲ ಸಲ ತಡಮಾಡಿದ್ದರಿಂದ ಗಟ್ಟಿಯಾಗಿ ಪುಡಿಪುಡಿಯಾಯಿತು. ಎರಡನೆಯ ಸಲ ಒಂದೊಂದು ಮೊಳದಷ್ಟೇ ಬಳಿದು ಕೂಡಲೇ ಕೆರೆದೆ, ಬಂದಿತು. ತೆಂಗಿನ ಮರ ಬರೆಯಲು ಹೋಗದೆ, ಅವ್ವನ ರಂಗೋಲಿಯ ಎಳೆಗಳನ್ನೂ ಜೋಳದ ತೆನೆಯನ್ನೂ ಬರೆದು, ಬುಡದಲ್ಲಿ ಮಾತ್ರ ಒಂದು ಸಾಲು ತೆರೆಗಳನ್ನು ಬಿಟ್ಟೆ.

ಚಾಪೆ, ಪರದೆಗಳ ವಿಷಯವನ್ನು ಚಿಕ್ಕದಾಗಿ ಹೇಳಿ ಮುಗಿಸುತ್ತೇನೆ. ತೆಂಗಿನ ನಾರಿನ ಹಾಸು ಎರಡನ್ನು ಕೊಂಡೆ. ಅವು ಬೇಕಾಗಿರಲಿಲ್ಲವೆಂದು ಆಮೇಲೆ ಅನಿಸಿತು. ನಮ್ಮ ಪುಂಡಿನಾರಿನ ಹಗ್ಗ ಕಣ್ಣಿಗೆ ಅಷ್ಟೇ ಚೆಂದ, ಅದನ್ನು ಹೊಸೆಯುವ ಕೈಗಳೂ ಊರಲ್ಲಿವೆ. ಅಪ್ಪನ ಮಂಚಕ್ಕೆ ಅದೇ ಹಗ್ಗವನ್ನು ಹೊಸದಾಗಿ ಹೆಣೆಸಿದೆವು. ಹಳೆಯ ಬಿಳಿ ಧೋತರಗಳಿಗೆ ಆಯಿಯ ಹರಿದ ಇಳಕಲ್ಲ ಸೀರೆಯ ದಡಿಯನ್ನು ಹೊಲಿದು ಕಿಟಕಿಗೆ ಪರದೆ ಮಾಡಿದೆವು. ಮೂಲೆಯಲ್ಲಿದ್ದ ಮುರುಕು ಪೆಟ್ಟಿಗೆ, ಖಾಲಿ ಡಬ್ಬಿ, ನಿಂತ ಗಡಿಯಾರಗಳನ್ನು ಹೊರಗೆ ಹಾಕಿದಾಗ ಪಡಸಾಲೆ ಅರ್ಧಕ್ಕರ್ಧ ದೊಡ್ಡದಾಯಿತು. ಆಯಿ ಗಡಿಯಾರಕ್ಕಾಗಿ ಎರಡು ದಿನ ನನ್ನೊಡನೆ ಮಾತು ಬಿಟ್ಟಳು. ಅದನ್ನು ಮರಳಿ ತಂದು ಗೂಡಿನಲ್ಲಿಟ್ಟೆ.

ಅರ್ಥಶಾಸ್ತ್ರದ ವಿದ್ಯಾರ್ಥಿಗಳಿಗಾಗಿ ಲೆಕ್ಕ: ಸುಣ್ಣ ರೂ. ೯೦೦, ಅಂಟು ಮತ್ತು ನೀಲಿ ರೂ. ೧೨೦, ಹುರಮಂಜು ರೂ. ೧೫೦, ನಾರಿನ ಹಾಸು ರೂ. ೧,೧೦೦, ಬಡಿಗನಿಗೆ ರೂ. ೧,೨೦೦, ಜಾಳಿಗೆ ರೂ. ೨೫೦. ಒಟ್ಟು ರೂ. ೩,೭೨೦. ಮಂಚದ ಹಗ್ಗವನ್ನು ಸೋದರಮಾವ ಹಣವಿಲ್ಲದೆ ಹೊಸೆದುಕೊಟ್ಟ. ನನ್ನ ಪ್ಲಾಸ್ಟಿಕ್ ಬಣ್ಣದ ದಂಡ ರೂ. ೨,೩೦೦ನ್ನು ಸೇರಿಸಿದರೆ ರೂ. ೬,೦೨೦.

ಬಾಗಿಲ ಬಲಗಡೆಯ ಕೊನೆಯ ಮೊಳವನ್ನು ನಾನು ಕೆರೆಯುತ್ತಿದ್ದಾಗ ಅಪ್ಪ ಗೋಡೆ ಹಿಡಿದು ಎದ್ದು ಬಂದು, “ಇಲ್ಲಿ ಕೊಡ” ಎಂದು ಕಡ್ಡಿಯನ್ನು ತೆಗೆದುಕೊಂಡರು. ಸಹಿ ಮಾಡಲೂ ಬಾರದ ಆ ಕೈ ಒಂದೇ ಎಳೆತಕ್ಕೆ ತೆರೆಗಳ ಮೇಲೆ ಒಂದು ದೋಣಿಯನ್ನು ಬರೆಯಿತು. ಸಂಜೆ ಆಯಿ ಅದನ್ನು ಹತ್ತಿರದಿಂದ ನೋಡಿ, “ಬೆಲ್ಲದ ಕಡಾಯಿ ಭಾಳ ಚೆಂದ ಬಂದೈತಿ” ಎಂದಳು. ಅಪ್ಪ ನಕ್ಕರೇ ಹೊರತು ಅದು ದೋಣಿಯೆಂದು ಹೇಳಲಿಲ್ಲ. ಈಗ ನಮ್ಮ ಮನೆಗೆ ಬಂದವರೆಲ್ಲ ಅದನ್ನು ಕಡಾಯಿಯೆಂದೇ ತಿಳಿಯುತ್ತಾರೆ. ಉಳಿದ ರೂ. ೯೮೦ನ್ನು, ಮಿರಗದ ಮಳೆಗೆ ಮೊದಲು ಮಾಳಿಗೆಯ ಮೇಲೆ ಹೊಸ ಮಣ್ಣು ಹೇರಿಸಬೇಕೆಂದು ಅವ್ವ ಎತ್ತಿಟ್ಟಿದ್ದಾಳೆ.