ತಾಯಿ ಕಾರ್ಡಿನಲ್ಲಿ ಯಾರ ಹೆಸರು?

ಚನ್ನಗಿರಿಯ ಅಡಿಕೆ ತೋಟದವರಾಗಲಿ, ಜಗಳೂರಿನ ಮೆಕ್ಕೆಜೋಳದ ಹೊಲದವರಾಗಲಿ, ಮಕ್ಕಳಿಲ್ಲದ ಸಂಕಟ ಒಂದೇ. ಆ ಹೊತ್ತಿನಲ್ಲಿ ಯಾರಾದರೂ ‘ನಾದಿನಿ ಹೆತ್ತು ಕೊಡ್ತಾಳೆ, ಛಾಪಾ ಕಾಗದದಲ್ಲಿ ಬರೆಸಿಕೊಂಡ್ರಾಯ್ತು’ ಅಂದರೆ ತಲೆಯಾಡಿಸಬೇಡಿ. ಆ ಕಾಗದ ನಿಮ್ಮನ್ನು ತಾಯಿ ಮಾಡುವುದಿಲ್ಲ.

ಬಾಡಿಗೆ ತಾಯ್ತನ ನಿಯಂತ್ರಣ ಕಾಯ್ದೆ 2022ರ ಜನವರಿ 25ರಿಂದ ಜಾರಿಯಲ್ಲಿದೆ. ಮಗುವಿನ ಹಕ್ಕು ಯಾರದೆಂದು ಮ್ಯಾಜಿಸ್ಟ್ರೇಟರ ಆದೇಶ ಮೊದಲೇ ಪಡೆದಿರಬೇಕು. ಗರ್ಭ ನಿಂತ ಮೇಲೆ ಓಡಾಡಿದರೆ ತಡವಾಯಿತು. ಆದೇಶ ಪಡೆದು ಕಾಯ್ದೆಯಂತೆ ಹುಟ್ಟಿದ ಮಗು ಕಾನೂನಿನ ಕಣ್ಣಿಗೆ ನಿಮ್ಮದೇ. ಹೊರುವವಳಿಗೆ 25ರಿಂದ 35ರೊಳಗಿನ ವಯಸ್ಸಿರಬೇಕು, ಮದುವೆಯಾಗಿ ಸ್ವಂತ ಮಗುವಿರಬೇಕು. ಅವಳ ಅಂಡ ಬಳಸುವಂತಿಲ್ಲ. ಆಸ್ಪತ್ರೆ ಖರ್ಚು, 36 ತಿಂಗಳ ವಿಮೆಯಂಥ ನಿಗದಿತ ವೆಚ್ಚ ಬಿಟ್ಟು ಕೈಗೆ ದುಡ್ಡಿಟ್ಟರೆ ಜೈಲು. ಮಗನನ್ನು ಕಳೆದುಕೊಂಡ ದಂಪತಿಯೊಬ್ಬರು, ಗಂಡನ ವಯಸ್ಸು 55ರ ಮಿತಿ ದಾಟಿತ್ತೆಂದು, 2023ರಲ್ಲಿ ನಮ್ಮ ಹೈಕೋರ್ಟಿನವರೆಗೂ ಹೋಗಬೇಕಾಯಿತು.

ಇನ್ನೊಂದು ಮಾತು, ಹೇಳಲು ನನಗೇ ಮುಜುಗರ. ಹೆರುವವಳನ್ನು ನಿಮ್ಮ ಹೆಸರಿನ ತಾಯಿ ಕಾರ್ಡಿನಲ್ಲಿ ಆಸ್ಪತ್ರೆಗೆ ಸೇರಿಸುವ ಉಪಾಯ ಬೇಡವೇ ಬೇಡ. ಕಾರ್ಡಿನಲ್ಲಿರುವುದು ನಿಮ್ಮ ರಕ್ತದ ಗುಂಪು. ಹೆರಿಗೆ ಮೇಜಿನ ಮೇಲೆ ರಕ್ತಸ್ರಾವವಾಗಿ ಮಲಗಿರುವವಳು ಅವಳು. ಅವಳು ಬದುಕಿ, ಎಲ್ಲ ಸರಿಹೋಯಿತೆಂದೇ ಇಟ್ಟುಕೊಳ್ಳಿ. ಮುಂದೆ ಜಮೀನು ಪಾಲಿಗೆ ಬಂದಾಗ ದಾಯಾದಿಗಳು ಸುಮ್ಮನಿರುತ್ತಾರೆಯೇ?

ನಾದಿನಿಗೆ ಈಗಾಗಲೇ ಹುಟ್ಟಿರುವ ಮಗುವಾದರೆ ಅದು ದತ್ತಕ, ದಾರಿಯೇ ಬೇರೆ. ಹೊನ್ನಾಳಿ, ನ್ಯಾಮತಿಯಿಂದ ದಾವಣಗೆರೆ ದೂರವೇನಲ್ಲ. ಅಲ್ಲಿನ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಲ್ಲಿ ಹೆಣ್ಣುಮಕ್ಕಳಿಗೆ ವಕೀಲರ ನೆರವು ಉಚಿತ. ಹೋಗುವಾಗ ನಾದಿನಿಯನ್ನೂ ಕರೆದುಕೊಂಡು ಹೋಗಿ.