ನೆಲದೊಳಗಿನ ಅನ್ನ

ಕಲಬುರಗಿ ಜಿಲ್ಲೆಯ ಆಳಂದ ತಾಲ್ಲೂಕಿನಲ್ಲಿ ಭೂಸನೂರ ಎಂಬ ಗ್ರಾಮವಿದೆ. ಇದು ಎರೆಭೂಮಿಯ ಸೀಮೆ. ಜೋಳ, ತೊಗರಿ, ಕಬ್ಬು ಇಲ್ಲಿನ ಮುಖ್ಯ ಬೆಳೆಗಳು. ಗೆಡ್ಡೆಗೆಣಸುಗಳ ಹೊಲ ಇಲ್ಲಿ ಕಾಣಸಿಗುವುದು ಅಪರೂಪ. ಮಳೆಗಾಲದಲ್ಲಿ ನೀರು ಹಿಡಿದು ಅಂಟಾಗುವ, ಬೇಸಿಗೆಯಲ್ಲಿ ಬಿರುಕು ಬಿಟ್ಟು ಗಟ್ಟಿಯಾಗುವ ಮಣ್ಣಿನಲ್ಲಿ ಗೆಡ್ಡೆಗಳು ಚೆನ್ನಾಗಿ ಬಲಿಯಲಾರವು. ನೀರು ಬಸಿದುಹೋಗುವ ಸಡಿಲವಾದ ಮಣ್ಣು ಅವಕ್ಕೆ ಹಿತ. ಆದರೂ ಏಕಾದಶಿ, ಶಿವರಾತ್ರಿಗಳ ಉಪವಾಸ ಬಂದಿತೆಂದರೆ ಈ ಭಾಗದ ಅನೇಕ ಮನೆಗಳಲ್ಲಿ ಕುದಿಸಿದ ಗೆಣಸು, ಸಾಬೂದಾಣಿಯ ಖಿಚಡಿ ಸಿದ್ಧವಾಗುತ್ತವೆ.

ಮುತ್ತಿನಂತೆ ಬೆಳ್ಳಗಿರುವ ಈ ಸಾಬೂದಾಣಿ ಯಾವ ಗಿಡದ ಕಾಳು? ಅದು ಕಾಳೇ ಅಲ್ಲ. ಮರಗೆಣಸು ಎಂಬ ಬೆಳೆಯ ಬೇರನ್ನು ಅರೆದು, ಪಿಷ್ಟವನ್ನು ತೆಗೆದು, ಹರಳುಗಟ್ಟಿಸಿ, ಹುರಿದು ಒಣಗಿಸಿದ ಪದಾರ್ಥ. ತಮಿಳುನಾಡಿನ ಸೇಲಂ ಪ್ರದೇಶವು ಈ ಉದ್ಯಮಕ್ಕೆ ಹೆಸರಾಗಿದೆ. ಭೂಸನೂರಿನ ಅಡುಗೆಮನೆಗೂ ಸೇಲಂನ ಹೊಲಕ್ಕೂ ಹೀಗೊಂದು ನಂಟು. ಈ ನಂಟಿನ ಎಳೆಯನ್ನು ಹಿಡಿದು ಹೊರಟರೆ ಅದು ಸಾಗರಗಳಾಚೆಗೂ ನಮ್ಮನ್ನು ಕರೆದೊಯ್ಯುತ್ತದೆ.

ಮರಗೆಣಸಿನ ತವರು ದಕ್ಷಿಣ ಅಮೆರಿಕ. ಪೋರ್ಚುಗೀಸರ ಮೂಲಕ ಅದು ಆಫ್ರಿಕಕ್ಕೂ ಭಾರತಕ್ಕೂ ಬಂದಿತು. ತಿರುವಾಂಕೂರಿನ ಅರಸನಾಗಿದ್ದ ವಿಶಾಖಂ ತಿರುನಾಳ್ (ಆಳ್ವಿಕೆ 1880–1885) ಅದರ ಬೇಸಾಯಕ್ಕೆ ಪ್ರೋತ್ಸಾಹವಿತ್ತನು. ಎರಡನೆಯ ಮಹಾಯುದ್ಧದ ಕಾಲದಲ್ಲಿ, 1942ರಲ್ಲಿ, ಬರ್ಮಾ ದೇಶವು ಜಪಾನಿನ ವಶವಾಗಲು ಅಲ್ಲಿಂದ ಬರುತ್ತಿದ್ದ ಅಕ್ಕಿ ನಿಂತುಹೋಯಿತು. ಆಗ ತಿರುವಾಂಕೂರಿನ ಬಡಜನರ ಪ್ರಾಣವನ್ನು ಉಳಿಸಿದ್ದು ಈ ಗೆಣಸೇ. ಮಳೆ ಕಡಿಮೆಯಾದರೂ, ಭೂಮಿ ಸಾರಹೀನವಾದರೂ ಅದು ಒಂದಿಷ್ಟು ಫಲವನ್ನು ಕೊಡದೆ ಇರದು.

ಇಷ್ಟು ಉಪಕಾರಿಯಾದ ಬೆಳೆಗೆ ಬಹುಕಾಲ ವಿಜ್ಞಾನದ ಆಸರೆ ಸಾಲದಾಗಿತ್ತು. ಗೋಧಿ, ಭತ್ತಗಳಿಗೆ ದೊರೆತ ಗಮನ ಬಡವರ ಊಟವೆನಿಸಿದ ಗೆಡ್ಡೆಗೆಣಸುಗಳಿಗೆ ದೊರೆಯಲಿಲ್ಲ. ಇವುಗಳ ಸ್ವಭಾವವೂ ಬೇರೆ. ಜೋಳವನ್ನು ವರ್ಷಗಟ್ಟಲೆ ಕೂಡಿಡಬಹುದು. ಅಗೆದ ಮರಗೆಣಸು ಎರಡು ಮೂರು ದಿನಗಳಲ್ಲಿಯೇ ಕೆಡತೊಡಗುತ್ತದೆ. ಜೋಳಕ್ಕೆ ಬೀಜವೇ ಮೂಲ. ಮರಗೆಣಸನ್ನು ಕಾಂಡದ ತುಂಡುಗಳಿಂದ ಬೆಳೆಸುತ್ತಾರೆ. ಆ ತುಂಡಿನೊಡನೆ ರೋಗವೂ ಕೀಟವೂ ಒಂದು ಹೊಲದಿಂದ ಇನ್ನೊಂದಕ್ಕೆ, ಒಂದು ದೇಶದಿಂದ ಇನ್ನೊಂದಕ್ಕೆ ಸಾಗಿಬಿಡುತ್ತವೆ. ಇಂತಹ ಬೆಳೆಗಳನ್ನು ಅಭ್ಯಸಿಸುತ್ತಿದ್ದವರು ಕೆಲವೇ ಮಂದಿ. ಅವರೂ ದೂರ ದೂರದ ದೇಶಗಳಲ್ಲಿ ಚದುರಿಹೋಗಿದ್ದರು.

ಈ ಕೊರತೆಯನ್ನು ನೀಗುವ ಯತ್ನ 1967ರಲ್ಲಿ ನಡೆಯಿತು. ಆ ವರ್ಷದ ಏಪ್ರಿಲ್ ತಿಂಗಳಲ್ಲಿ ವೆಸ್ಟ್ ಇಂಡೀಸಿನ ಟ್ರಿನಿಡಾಡ್ ದ್ವೀಪದ ವಿಶ್ವವಿದ್ಯಾಲಯದಲ್ಲಿ ವಿಜ್ಞಾನಿಗಳು ಸಭೆ ಸೇರಿದರು. ಮರಗೆಣಸು, ಗೆಣಸು, ಹೆಗ್ಗೆಣಸು, ಕೆಸು ಮೊದಲಾದವು ಅವರ ಚರ್ಚೆಯ ವಿಷಯ. ಅಲ್ಲಿಂದಲೇ ಉಷ್ಣವಲಯದ ಗೆಡ್ಡೆ ಬೆಳೆಗಳ ಅಂತರರಾಷ್ಟ್ರೀಯ ಸಂಘವು ಮೂಡಿತು. ಸಾಮಾನ್ಯವಾಗಿ ಮೂರು ವರ್ಷಗಳಿಗೊಮ್ಮೆ ಒಂದೊಂದು ದೇಶದಲ್ಲಿ ಸೇರುವುದು, ಕಂಡುಕೊಂಡದ್ದನ್ನು ಪರಸ್ಪರ ತಿಳಿಸುವುದು ಅದರ ಪದ್ಧತಿ. 1973ರಲ್ಲಿ ನೈಜೀರಿಯದ ಇಬಾದಾನ್‌ನಲ್ಲಿಯೂ 1976ರಲ್ಲಿ ಕೊಲಂಬಿಯದ ಕಾಲಿಯಲ್ಲಿಯೂ ಸಭೆಗಳು ಜರುಗಿದವು. ಭಾರತದಲ್ಲಿ ಗೆಡ್ಡೆ ಬೆಳೆಗಳ ಕೇಂದ್ರ ಸಂಶೋಧನ ಸಂಸ್ಥೆಯು 1963ರಲ್ಲಿಯೇ ತಿರುವನಂತಪುರದಲ್ಲಿ ಸ್ಥಾಪಿತವಾಗಿತ್ತು. 2006ರಲ್ಲಿ ಸಂಘದ 14ನೆಯ ಸಭೆಗೆ ಆ ನಗರವೇ ಆತಿಥ್ಯ ನೀಡಿತು.

ಇಂತಹ ಒಡನಾಟದ ಬೆಲೆ ಏನೆಂಬುದನ್ನು ಆಫ್ರಿಕದ ಒಂದು ಸಂಕಟವು ತೋರಿಸಿಕೊಟ್ಟಿತು. 1970ರ ದಶಕದ ಆರಂಭದಲ್ಲಿ ಕಾಂಗೊ ನದಿಯ ಸೀಮೆಯ ಮರಗೆಣಸಿನ ಮೇಲೆ ಬಿಳಿಯ ಹಿಟ್ಟು ಬಳಿದಂತಿರುವ ಪುಟ್ಟ ಕೀಟವೊಂದು ಕಾಣಿಸಿಕೊಂಡಿತು. ಅದೇ ಹಿಟ್ಟುತಿಗಣೆ. ಅದು ಕುಡಿಯ ರಸವನ್ನು ಹೀರುವುದರಿಂದ ಎಲೆ ಮುರುಟಿ, ಗಿಡ ಕುಬ್ಜವಾಗುತ್ತದೆ. ಕೆಲವೆಡೆ ನೂರರಲ್ಲಿ 80 ಭಾಗದವರೆಗೂ ಇಳುವರಿ ನಷ್ಟವಾಯಿತು. ಸುಮಾರು 20 ಕೋಟಿ ಜನರ ಅನ್ನಕ್ಕೆ ಕುತ್ತು ಬಂದಿತು. ಔಷಧ ಸಿಂಪಡಿಸೋಣವೆಂದರೆ ಬಡ ರೈತನ ಬಳಿ ಹಣವಿಲ್ಲ.

ಆಗ ಇಬಾದಾನ್‌ನ ಅಂತರರಾಷ್ಟ್ರೀಯ ಕೃಷಿ ಸಂಸ್ಥೆಯಲ್ಲಿದ್ದ ಸ್ವಿಸ್ ಕೀಟವಿಜ್ಞಾನಿ ಹಾನ್ಸ್ ಹೆರೆನ್ ಒಂದು ವಿಚಾರ ಮಾಡಿದರು. ಮರಗೆಣಸಿನ ತವರಿನಲ್ಲಿ ಈ ಕೀಟವು ಹೀಗೆ ಹಾವಳಿ ಮಾಡುವುದಿಲ್ಲ. ಅಲ್ಲಿ ಅದಕ್ಕೆ ವೈರಿ ಇರಲೇಬೇಕು. ಹುಡುಕಾಟ ನಡೆಯಿತು. 1981ರಲ್ಲಿ, ಕಾಲಿಯ ಸಂಸ್ಥೆಯ ವಿಜ್ಞಾನಿ ಆಂಥೊನಿ ಬೆಲ್ಲೊಟ್ಟಿ ಪರಾಗ್ವೆಯಲ್ಲಿ ಈ ಕೀಟವನ್ನು ಗುರುತಿಸಿದರು. ಅದರೊಡನೆ ಅದರ ವೈರಿಯೂ ದೊರೆಯಿತು. ಅದೊಂದು ಅತಿ ಚಿಕ್ಕ ಕಣಜ. ಹಿಟ್ಟುತಿಗಣೆಯ ಒಡಲಿನೊಳಗೆ ಅದು ಮೊಟ್ಟೆಯಿಡುತ್ತದೆ. ಮರಿಯು ತಿಗಣೆಯನ್ನು ಒಳಗಿನಿಂದಲೇ ತಿಂದು ಬೆಳೆಯುತ್ತದೆ. ಪರೀಕ್ಷೆಗಳ ನಂತರ ಈ ಕಣಜಗಳನ್ನು ಆಫ್ರಿಕದ ಹೊಲಗಳಲ್ಲಿ ಬಿಡಲಾಯಿತು. ಕ್ರಮೇಣ ಹಾವಳಿ ಹತೋಟಿಗೆ ಬಂದಿತು. ಹೆರೆನ್‌ರಿಗೆ 1995ರಲ್ಲಿ ವಿಶ್ವ ಆಹಾರ ಪ್ರಶಸ್ತಿ ಸಂದಿತು.

ಈ ಕಾರ್ಯವನ್ನು ಗೆಡ್ಡೆ ಬೆಳೆಗಳ ಸಂಘವೇ ಮಾಡಿತೆಂದು ಹೇಳಲಾಗದು. ಆದರೆ ಇಬಾದಾನ್ ಮತ್ತು ಕಾಲಿಯ ಸಭೆಗಳು ನಡೆದದ್ದು ಇದೇ ಎರಡು ಸಂಸ್ಥೆಗಳಲ್ಲಿ ಎಂಬುದು ಗಮನಾರ್ಹ. ಆಪತ್ತು ಬಂದಾಗ ಕೂಗಿ ಕರೆಯಬೇಕಾದರೆ, ಯಾರನ್ನು ಕರೆಯಬೇಕೆಂಬುದು ಮೊದಲೇ ತಿಳಿದಿರಬೇಕು.

ಅದೇ ಹಿಟ್ಟುತಿಗಣೆಯು 2020ರಲ್ಲಿ ಕೇರಳದ ತ್ರಿಶ್ಶೂರಿನಲ್ಲಿ ಕಾಣಿಸಿಕೊಂಡಿತು. ಬೇಗನೆ ತಮಿಳುನಾಡಿಗೂ ಹಬ್ಬಿ ಸೇಲಂನ ಬೆಳೆಯನ್ನು ಹಾಳುಮಾಡತೊಡಗಿತು. ಈ ಸಲ ಉಪಾಯವನ್ನು ಹೊಸದಾಗಿ ಹುಡುಕಬೇಕಾಗಿರಲಿಲ್ಲ. ಬೆಂಗಳೂರಿನ ರಾಷ್ಟ್ರೀಯ ಕೃಷಿ ಕೀಟ ಸಂಪನ್ಮೂಲ ಸಂಸ್ಥೆಯು ಪಶ್ಚಿಮ ಆಫ್ರಿಕದ ಬೆನಿನ್ ದೇಶದಿಂದ ಆ ಕಣಜವನ್ನು ತರಿಸಿ, ಪರೀಕ್ಷಿಸಿ, ಸಂಖ್ಯೆಯನ್ನು ಹೆಚ್ಚಿಸಿತು. 2022ರ ಮಾರ್ಚ್ ತಿಂಗಳಲ್ಲಿ ಸೇಲಂ ಜಿಲ್ಲೆಯ ಯೇತಾಪುರದಲ್ಲಿ ಅವನ್ನು ಮೊದಲಬಾರಿಗೆ ಹೊಲಕ್ಕೆ ಬಿಡಲಾಯಿತು. ಪರಾಗ್ವೆಯಲ್ಲಿ ದೊರೆತು, ಆಫ್ರಿಕದಲ್ಲಿ ಬಾಳಿದ ಜೀವಿಯ ಸಂತತಿ ಕನ್ನಡನಾಡಿನ ರಾಜಧಾನಿಯನ್ನು ಹಾದು ತಮಿಳುನಾಡಿನ ರೈತನ ನೆರವಿಗೆ ಬಂದಿತು.

ನಮ್ಮ ನಾಡಿಗೂ ಗೆಡ್ಡೆಗೆಣಸುಗಳು ಹೊಸವಲ್ಲ. ಬೆಳಗಾವಿ ಜಿಲ್ಲೆಯ ರೈತರು ಗೆಣಸನ್ನು ವಿಶೇಷವಾಗಿ ಬೆಳೆಯುತ್ತಾರೆ. ಉತ್ತರ ಕನ್ನಡದ ಜೋಯಿಡಾ ತಾಲ್ಲೂಕಿನ ಕುಣಬಿ ಜನರು ಹಲವು ಬಗೆಯ ಗೆಡ್ಡೆಗಳನ್ನು ತಲೆತಲಾಂತರದಿಂದ ಕಾಪಾಡಿಕೊಂಡು ಬಂದಿದ್ದಾರೆ. ಅಲ್ಲಿ ನಡೆಯುವ ಗೆಡ್ಡೆಗೆಣಸು ಮೇಳವು ಅವರ ಈ ಸಂಪತ್ತನ್ನು ನಾಡಿಗೆ ಪರಿಚಯಿಸುತ್ತಿದೆ. ವಿಜ್ಞಾನಿಯ ಪ್ರಯೋಗಶಾಲೆಯಷ್ಟೇ ಇಂತಹ ರೈತರ ಹಿತ್ತಿಲೂ ಜ್ಞಾನದ ಭಂಡಾರ.

ಭೂಸನೂರಿನ ಸೀಮೆಯ ರೈತರಿಗೂ ಈ ಮಾತಿನ ಅರ್ಥ ತಿಳಿಯದ್ದಲ್ಲ. ತೊಗರಿ ಗಿಡಗಳು ನೆಟೆರೋಗದಿಂದ ಒಣಗುತ್ತಿದ್ದಾಗ, ಪಟಾನ್‌ಚೆರುವಿನ ಅಂತರರಾಷ್ಟ್ರೀಯ ಸಂಸ್ಥೆಯಲ್ಲಿ ಆರಿಸಿದ ‘ಮಾರುತಿ’ ತಳಿಯು 1980ರ ದಶಕದಲ್ಲಿ ಈ ಭಾಗದ ಹೊಲಗಳಿಗೆ ಬಂದಿತು. ರೋಗಕ್ಕೆ ದೇಶದ ಗಡಿಯಿಲ್ಲ. ಆದ್ದರಿಂದ ಅದನ್ನು ಗೆಲ್ಲುವ ತಿಳಿವಿಗೂ ಗಡಿಯಿರಬಾರದು. ಉಪವಾಸದ ದಿನ ತಟ್ಟೆಗೆ ಬರುವ ಸಾಬೂದಾಣಿಯ ಹಿಂದೆ ಕಾಣದ ಎಷ್ಟೋ ಕೈಗಳ ದುಡಿಮೆಯಿದೆ. ಅವುಗಳಲ್ಲಿ ಕೆಲವು, ಭೂಸನೂರಿನ ಹೆಸರನ್ನೇ ಕೇಳದವರ ಕೈಗಳು.